ಸೋಮಾರಿ ಹುಳುವಿಗೆ ಹನ್ನೊಂದು ಸೆಕೆಂಡು

ಜನವರಿ 6, ಸೋಮವಾರ

ಇವತ್ತಿನ ಲೆಕ್ಕ — ಸಾದಾ ಹುಳು ಹದಿನಾಲ್ಕು ಸತ್ತವು. ಸೋಮಾರಿ ಮೂರು. ಎಂಟೂವರೆಗೆ ಕೂತವಳು ಎದ್ದಾಗ ಹನ್ನೊಂದು. ಕತ್ತು ಹಿಡಿದುಕೊಂಡಿದೆ. ಐವತ್ತೊಂಬತ್ತು ವರ್ಷಕ್ಕೆ ಮೈಕ್ರೋಸ್ಕೋಪಿನ ಮುಂದೆ ಇಷ್ಟು ಹೊತ್ತು ಕೂರಬಾರದು ಎಂದು ಮೂಳೆ ಡಾಕ್ಟರ್ ಹೇಳಿದ್ದಾರೆ. ಕೂರದಿದ್ದರೆ ಅವರು ಬಂದು ಎಣಿಸಿಕೊಡುತ್ತಾರೆಯೇ?

ಹನ್ನೊಂದೂವರೆಗೆ ಪತ್ರಿಕೆಯವಳು ಬಂದಳು. ಪದಕ ಬಂದು ಎರಡು ತಿಂಗಳಾಯಿತು, ಸಂದರ್ಶನಗಳು ಇನ್ನೂ ಮುಗಿದಿಲ್ಲ. ನಿತ್ಯದ ಪಾಠ ಒಪ್ಪಿಸಿದೆ. ಹುಳು ಒಂದು ಮಿಲಿಮೀಟರ್ ಉದ್ದ. ಆಯಸ್ಸು ಮೂರು ವಾರ, ಅದಕ್ಕೇ ಮುಪ್ಪಿನ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಒಂದು ಜೀನ್ ಕೆಡಿಸಿದರೆ ನಿಧಾನವಾಗಿ ತೆವಳುತ್ತದೆ, ಆದರೆ ಶೇಕಡಾ ಮೂವತ್ತೊಂದು ಹೆಚ್ಚು ಕಾಲ ಬದುಕುತ್ತದೆ. ಅದರ ನಡಿಗೆ ನೋಡಿ ಸೋಮಾರಿ ಎಂದು ಹೆಸರಿಟ್ಟವಳು ನಾನೇ. ಪದಕವೂ ಅದಕ್ಕೇ.

“ಸತ್ತಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಪತ್ರಿಕೆಯವರೂ ಇದನ್ನು ಕೇಳಿರಲಿಲ್ಲ. ರೆಪ್ಪೆಕಡ್ಡಿ ತೋರಿಸಿದೆ. ಹಲ್ಲುಕಡ್ಡಿಯ ತುದಿಗೆ ಅಂಟಿಸಿದ ಒಂದು ಕಣ್ಣರೆಪ್ಪೆ, ಅಷ್ಟೇ. ಅದರಿಂದ ಮೂರು ಸಲ ಮುಟ್ಟುವುದು. ಅಲ್ಲಾಡದಿದ್ದರೆ ಸತ್ತಿದೆ. ಯಾರ ರೆಪ್ಪೆ ಎಂದು ಕೇಳಿದಳು. ನನ್ನದೇ ಎಂದೆ. ಅದೊಂದನ್ನು ಮಾತ್ರ ಬರೆದುಕೊಂಡಳು.

ಸಂಜೆ ಅತ್ತೆಯದು ಮಾಮೂಲು ಪ್ರಶ್ನೆ, ಇವತ್ತು ಎಷ್ಟು ಹೋದವು ಎಂದು. ಅವರ ವಯಸ್ಸು ಎಂಬತ್ತನಾಲ್ಕು ದಾಟಿದೆ. ಬಟ್ಟೆ ಗಿರಣಿಯಲ್ಲಿ ಮೂವತ್ತೆರಡು ವರ್ಷ ತಪಾಸಣೆ ಮಾಡಿದವರು. ಈಗಲೂ ಹೊಸ ಸೀರೆ ತಂದರೆ ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ. ಮಾತ್ರೆ ಕಂಪನಿಯವರ ಪತ್ರ ಬಂದಿದೆ ಎಂದು ಹೇಳಿದೆ. ಸೋಮಾರಿಯ ಜೀನ್ ಕೆಟ್ಟಂತೆಯೇ ಕೆಲಸ ಮಾಡುವ ಮಾತ್ರೆ. ಎಪ್ಪತ್ತು ದಾಟಿದ ಇನ್ನೂರು ಜನರಿಗೆ ಕೊಟ್ಟು ನೋಡುತ್ತಾರೆ. ನನ್ನ ಫಲಿತಾಂಶ ಗಟ್ಟಿ ಎಂದು ಮಾರ್ಚ್ 31ರ ಒಳಗೆ ನಾನು ಸಹಿ ಹಾಕಬೇಕು.

“ನನ್ನ ಹೆಸರೂ ಬರೆಸು,” ಎಂದರು ಅತ್ತೆ. ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆಯಲ್ಲ.

ಜನವರಿ 9, ಗುರುವಾರ

ಮೌನಿ ಬಂದಳು. ಪಿಎಚ್‌ಡಿ ಎರಡನೇ ವರ್ಷ. ಅಂಕಿಅಂಶ ಇಲ್ಲದೆ ಬಾಯಿ ಬಿಡುವುದಿಲ್ಲ, ಅದಕ್ಕೇ ಲ್ಯಾಬಿನವರೆಲ್ಲ ಸೇರಿ ಇಟ್ಟ ಹೆಸರು. ಒಂದು ಹಾಳೆ ಮೇಜಿನ ಮೇಲಿಟ್ಟು ನಿಂತಳು. ಸಾದಾ ಎಷ್ಟು ದಿನ, ಸೋಮಾರಿ ಎಷ್ಟು ದಿನ. ವ್ಯತ್ಯಾಸ ಶೇಕಡಾ ಎಂಟು. ಇದು ಮೂರನೇ ಸಲ. ಮೊದಲು ಏಳು, ಆಮೇಲೆ ಹತ್ತು, ಈಗ ಎಂಟು.

ರೇಗಿತು. ಬೈದೆ. ನನ್ನ ಕೈಗೆ ಮೂವತ್ತೊಂದು ಬರುತ್ತದೆ, ಇನ್ನೆರಡು ಲ್ಯಾಬಿನವರಿಗೆ ಬಂದಿದೆ, ನಿನಗೊಬ್ಬಳಿಗೇ ಬರುವುದಿಲ್ಲ ಎಂದರೆ ಹುಳುವಿನ ತಪ್ಪೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಅಂದುಬಿಟ್ಟೆ. ಅದು ಬೇಡವಾಗಿತ್ತು. ಅವಳು ಹಾಳೆಯನ್ನು ಅಲ್ಲೇ ಬಿಟ್ಟು ಹೋದಳು.

ಜನವರಿ 10, ಶುಕ್ರವಾರ

ಮೌನಿಯನ್ನು ಕರೆದು ಸಮಾಧಾನದಿಂದಲೇ ಹೇಳಿದೆ — ಹುಳು ಸಾಕಿರುವ ಒಂದೇ ಪ್ಲೇಟುಗಳನ್ನು ಇಬ್ಬರೂ ಎಣಿಸೋಣ. ಮೈಕ್ರೋಸ್ಕೋಪಿನ ಕ್ಯಾಮೆರಾ ಹಾಕು. ನಿನ್ನ ಕೈ ಎಲ್ಲಿ ತಪ್ಪುತ್ತಿದೆ ಎಂದು ಕೂತು ನೋಡಿದರಾಯಿತು.

ತಲೆಯಾಡಿಸಿದಳು. ಒಳ್ಳೆಯ ಹುಡುಗಿ. ಕೈ ಕುದುರಿದರೆ ಎಲ್ಲ ಸರಿಹೋಗುತ್ತದೆ.

ಜನವರಿ 20, ಸೋಮವಾರ. ಮಧ್ಯಾಹ್ನ 3.15

ಕೂತು ನೋಡಿದೆವು.

ಇಬ್ಬರ ರೆಕಾರ್ಡಿಂಗೂ ಇದೆ. ಮುನ್ನೂರ ಎಂಬತ್ತು ಹುಳು. ಮೂರನೇ ಸಲ ಮುಟ್ಟಿದ ಮೇಲೆ, ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಎಷ್ಟು ಹೊತ್ತು ಕಾಯುತ್ತೇವೆ ಎಂದು ಮೌನಿ ಒಂದೊಂದನ್ನೂ ಅಳೆದಿದ್ದಾಳೆ. ಅಳೆಯಲು ಹೇಳಿದ್ದು ನಾನಲ್ಲ.

ಅವಳ ಕೈ — ಸಾದಾಕ್ಕೆ ಆರು ಸೆಕೆಂಡು. ಸೋಮಾರಿಗೆ ಆರು.

ನನ್ನ ಕೈ — ಸಾದಾಕ್ಕೆ ನಾಲ್ಕು. ಸೋಮಾರಿಗೆ ಹನ್ನೊಂದು.

ಇದು ಸರಾಸರಿ ತಾನೇ ಎಂದೆ. ಒಂದೊಂದನ್ನೂ ತೋರಿಸಿದಳು. ಪರದೆಯ ಮೇಲೆ ನನ್ನದೇ ರೆಪ್ಪೆ. ಸಾದಾ ಹುಳುವಿಗೆ ಟಕ್ ಟಕ್ ಟಕ್, ಮುಂದಿನದು. ಸೋಮಾರಿಯ ಹತ್ತಿರ ಬಂದಾಗ ರೆಪ್ಪೆ ನಿಲ್ಲುತ್ತದೆ. ಕಾಯುತ್ತದೆ. ಏಳು, ಎಂಟು, ಒಂಬತ್ತು... ಬಾಲ ಒಂಚೂರು ಅಲುಗಿತು — ಜೀವಂತ!

ನೀನು ಹೇಗೆ ಆರೇ ಸೆಕೆಂಡು ಕಾಯುತ್ತೀಯ ಎಂದು ಕೇಳಿದೆ. “ಮನಸ್ಸಲ್ಲಿ ಆರರ ತನಕ ಎಣಿಸ್ತೀನಿ ಮೇಡಂ,” ಎಂದಳು. ಅಷ್ಟೇ.

ನಾನು ಎಣಿಸುವುದಿಲ್ಲ. ಯಾವತ್ತೂ ಎಣಿಸಿಲ್ಲ. ಸಂಶೋಧನಾ ಪೇಪರಿನಲ್ಲಿ ಬರೆದದ್ದು ‘ಮೂರು ಸಲ ಮುಟ್ಟಿದರೂ ಅಲ್ಲಾಡದಿದ್ದರೆ’ ಎಂದು. ಎಷ್ಟು ಹೊತ್ತು ಎಂದು ಬರೆದಿಲ್ಲ. ಯಾರೂ ಕೇಳಲೂ ಇಲ್ಲ.

ಜನವರಿ 21, ಮಂಗಳವಾರ

ಲ್ಯಾಬಿಗೆ ಹೋಗಲಿಲ್ಲ. ಕತ್ತು ನೋವು ಎಂದು ಹೇಳಿ ಕಳಿಸಿದೆ. ಬೆಳಗಿನಿಂದ ನನ್ನ ಪರ ನಾನೇ ವಕಾಲತ್ತು ಮಾಡುತ್ತಿದ್ದೇನೆ. ಸೋಮಾರಿ ನಿಧಾನದ ಹುಳು, ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಾದದ್ದು ನ್ಯಾಯವೇ. ಸರಿ. ಮುದಿ ಸಾದಾ ಹುಳುವೂ ನಿಧಾನವೇ ಅಲ್ಲವೇ? ಅದಕ್ಕೇಕೆ ನಾಲ್ಕು? ಇನ್ನೆರಡು ಲ್ಯಾಬಿನವರಿಗೂ ಮೂವತ್ತರ ಹತ್ತಿರ ಬಂದಿದೆ. ಸರಿ. ಅವರಿಗೆ ಎಣಿಕೆ ಕಲಿಸಿದವರು ಯಾರು? ನಾನು. ಎರಡೂ ಕಡೆ ಹೋಗಿ, ಪಕ್ಕದಲ್ಲಿ ಕೂತು, ಕೈ ಹಿಡಿದು ಕಲಿಸಿ ಬಂದೆ.

ಮೊದಲ ಎಣಿಕೆಯ ಕಾಲದಲ್ಲಿ ನನಗೆ ಮೂವತ್ತೇಳು. ಲ್ಯಾಬಿನಲ್ಲಿ ಒಬ್ಬಳೇ. ಯಾವ ಪ್ಲೇಟಿನಲ್ಲಿ ಯಾವುದಿದೆ ಎಂದು ನನಗೆ ಗೊತ್ತಿತ್ತು. ಎಣಿಸುವವರಿಗೆ ಅದು ಗೊತ್ತಿರಬಾರದು ಎಂಬುದು ಮೊದಲ ವರ್ಷದ ಮಕ್ಕಳಿಗೆ ಕಲಿಸುವ ಪಾಠ. ಗೊತ್ತಿಲ್ಲದ ಹಾಗೆ ಮಾಡಿಕೊಡಲು ಇನ್ನೊಬ್ಬರಿರಲಿಲ್ಲ, ಇದ್ದರೂ ಉಪಯೋಗವಿರಲಿಲ್ಲ. ನಡಿಗೆ ನೋಡಿದರೇ ತಿಳಿಯುತ್ತದೆ, ಇದು ಸೋಮಾರಿ ಎಂದು.

ಮಧ್ಯಾಹ್ನ ಅತ್ತೆ ಬಂದು ಪಕ್ಕದಲ್ಲಿ ಕೂತರು. ಹೇಳಿಬಿಟ್ಟೆ. ಇವರಿಗೆ ಹೇಳುವ ಮೊದಲು ಇವರ ಅಮ್ಮನಿಗೆ ಹೇಳಿದೆ. ಇವರು ಸಮಾಧಾನ ಮಾಡುತ್ತಾರೆ, ನನಗೆ ಅದು ಬೇಕಿರಲಿಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡರು. “ಹೆತ್ತವರಿಗೆ ಹೆಗ್ಗಣ ಮುದ್ದು ಕಣೆ. ಅದರಲ್ಲೇನಿದೆ ಹೊಸದು?” ಎಂದರು.

ಆಮೇಲೆ ಗಿರಣಿಯ ಕಥೆ. ಅತ್ತೆ ಸೇರಿದ ವರ್ಷ ಬಟ್ಟೆಯ ಅಂಚಿನಲ್ಲಿ ಮಗ್ಗದ ನಂಬರು ಕಾಣುವ ಹಾಗೆಯೇ ಬರುತ್ತಿತ್ತಂತೆ. ಹನ್ನೆರಡನೇ ಮಗ್ಗ ಅತ್ತೆಯ ಗೆಳತಿಯದು. ಆ ಬಟ್ಟೆಯಲ್ಲಿ ಅತ್ತೆಗೆ ಯಾವತ್ತೂ ತಪ್ಪು ಕಾಣಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ, ದೇವರಾಣೆಗೂ ಕಂಡಿರಲಿಲ್ಲ. ಒಂದು ದಿನ ಮೇಲ್ವಿಚಾರಕ ಅಂಚು ಮಡಚಿ ಹೊಲಿಸಿ ಕಳಿಸಿದ. ಅವತ್ತು ಹನ್ನೆರಡನೇ ಮಗ್ಗದ ಬಟ್ಟೆಯಲ್ಲಿ ಹದಿನೇಳು ತಪ್ಪು. ಗೆಳತಿ ಆರು ತಿಂಗಳು ಮಾತು ಬಿಟ್ಟಳಂತೆ.

ನಮ್ಮಲ್ಲಿ ಅಂಚು ಮಡಚಲು ಆಗುವುದಿಲ್ಲ ಅತ್ತೆ ಎಂದೆ. ಲ್ಯಾಬಿನಲ್ಲಿ ಯಾರನ್ನು ಕೂರಿಸಿದರೂ ನಡಿಗೆಯಲ್ಲೇ ಗುರುತು ಹಿಡಿಯುತ್ತಾರೆ.

“ಗುರುತಿಲ್ಲದವರನ್ನ ಕೂರಿಸು,” ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನನಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಎರಡು ವರ್ಷ ಆಯ್ತು. ಸೂಜಿಗೆ ದಾರ ನಾನೇ ಪೋಣಿಸ್ತೀನಿ.”

ಜನವರಿ 24, ಶುಕ್ರವಾರ

ಮೂರು ದಿನ ಯೋಚಿಸಿದೆ. ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯಲಿಲ್ಲ. ಅತ್ತೆ ಹುಳುವನ್ನು ಯಾವತ್ತೂ ನೋಡಿಲ್ಲ. ನೇರ ಕಣ್ಣು. ದಾಕ್ಷಿಣ್ಯ ಇಲ್ಲ, ಅದು ಈ ಮನೆಗೆ ಬಂದ ಮೊದಲ ವಾರವೇ ನನಗೆ ತಿಳಿದಿತ್ತು.

ಮೌನಿಗೆ ಹೇಳಿದೆ. ನಕ್ಕಳು. ಅವಳಿಗೆ ಹಲ್ಲಿದೆ ಎಂದು ಇವತ್ತು ಗೊತ್ತಾಯಿತು.

ನಿಯಮ: ಮೂರು ಸಲ ಮುಟ್ಟುವುದು. ಎಲ್ಲಕ್ಕೂ ಇಪ್ಪತ್ತು ಸೆಕೆಂಡು ಕಾಯುವುದು. ಇಪ್ಪತ್ತು ಪ್ಲೇಟು, ಹತ್ತು ಸಾದಾ, ಹತ್ತು ಸೋಮಾರಿ. ನಂಬರು ಹಾಕುವವಳು ಮೌನಿ. ಯಾವ ನಂಬರು ಯಾವುದು ಎಂಬ ಪಟ್ಟಿ ಲಕೋಟೆಯಲ್ಲಿ, ಲಕೋಟೆ ಉಗ್ರಾಣದವರ ಬೀರುವಿನಲ್ಲಿ. ಪ್ರತಿ ಎಣಿಕೆಗೂ ಕ್ಯಾಮೆರಾ. ನಾನು ಮುಟ್ಟುವ ಹಾಗಿಲ್ಲ.

ಫಲಿತಾಂಶ ಮಾರ್ಚ್ ಕೊನೆಯ ವಾರಕ್ಕೆ. ಸಹಿಯ ಗಡುವಿಗೆ ಸರಿಯಾಗಿ. ಮೂವತ್ತೊಂದು ಬಂದರೆ ಸಹಿ. ಬರದಿದ್ದರೆ... ಬರುತ್ತದೆ.

ಫೆಬ್ರವರಿ 3, ಸೋಮವಾರ

ಅತ್ತೆಯ ಮೊದಲ ದಿನ. ಇವರು ಕಾರಿನಲ್ಲಿ ಬಿಟ್ಟು ಹೋದರು. ಗೇಟಿನಲ್ಲಿ ಭೇಟಿಯ ಉದ್ದೇಶ ಬರೆಯಬೇಕು. ಅತ್ತೆ ಪೆನ್ನು ಕಿತ್ತುಕೊಂಡು ‘ತಪಾಸಣೆ’ ಎಂದು ಬರೆದರು. ಗೇಟಿನವನು ಎದ್ದು ನಿಂತ.

ಕುರ್ಚಿ ಸರಿಯಿಲ್ಲ ಎಂದರು, ಬದಲಾಯಿಸಿದೆವು. ಬೆಳಕು ಎಡಗಡೆಯಿಂದ ಬರಲಿ ಎಂದರು. ಅದು ಮೈಕ್ರೋಸ್ಕೋಪು, ಬೆಳಕು ಕೆಳಗಿನಿಂದಲೇ ಬರುತ್ತದೆ ಎಂದರೂ ಕೇಳಲಿಲ್ಲ. ಕಿಟಕಿಯ ಪರದೆ ಸರಿಸಿದ ಮೇಲೆಯೇ ಕೂತದ್ದು. ಕಣ್ಣಿಟ್ಟು ನೋಡಿ ಬಹಳ ಹೊತ್ತು ಮಾತೇ ಇಲ್ಲ. ಮೌನಿಗೆ ಜೋಡಿ ಸಿಕ್ಕಿತು ಎಂದುಕೊಂಡೆ.

“ಅಯ್ಯೋ, ಇವುಗಳ ಹೊಟ್ಟೆ ಒಳಗಿಂದು ಎಲ್ಲಾ ಕಾಣುತ್ತಲ್ಲೇ,” ಎಂದರು ಕೊನೆಗೆ. ಹೌದು, ಮೈ ಗಾಜಿನಂತೆ. ಕರುಳು, ಮೊಟ್ಟೆ, ಎಲ್ಲ. ನನಗೂ ಮೊದಲ ದಿನ ಹಾಗೇ ಆಗಿತ್ತು. ನೋಡಿದ್ದನ್ನೇ ನೋಡಿ ಆ ಬೆರಗು ಯಾವಾಗ ಹೋಯಿತೋ ತಿಳಿಯದು. ಇವತ್ತು ಅವರ ಪಕ್ಕದಲ್ಲಿ ನಿಂತು ಪರದೆಯ ಮೇಲೆ ಮತ್ತೆ ನೋಡಿದೆ. ಚೆನ್ನಾಗಿದೆ.

ಅಭ್ಯಾಸಕ್ಕೆಂದು ಹಳೆಯ ಪ್ಲೇಟುಗಳನ್ನು ಕೊಟ್ಟಿದ್ದೇವೆ. ನಿಜವಾದ ಎಣಿಕೆ ಇನ್ನು ಎರಡು ವಾರಕ್ಕೆ, ಸಾಯಲು ಶುರುವಾದ ಮೇಲೆ. ರೆಪ್ಪೆಕಡ್ಡಿ ಮಾಡಲು ಅವರದೇ ರೆಪ್ಪೆ ತೆಗೆದುಕೊಂಡೆವು. ಬಿಳಿ. ಬೆಳಕಿನಲ್ಲಿ ಕಾಣಲೇ ಇಲ್ಲ. ಕೊನೆಗೆ ಮೌನಿಯದು ಕೊಟ್ಟೆವು.

ಫೆಬ್ರವರಿ 7, ಶುಕ್ರವಾರ

ಕೈ ಖಾಲಿ. ಆ ಪ್ಲೇಟುಗಳನ್ನು ಮುಟ್ಟುವ ಹಾಗಿಲ್ಲವಲ್ಲ. ನನ್ನದೇ ಬೇರೆ ಒಂದು ಸಣ್ಣ ಪರೀಕ್ಷೆ ಮಾಡಿಕೊಂಡೆ. ಬೇರೆ ಪ್ಲೇಟಿನ ಮುದಿ ಸಾದಾ ಹುಳುಗಳನ್ನು ನನ್ನ ಹಳೆಯ ಕೈಯಲ್ಲೇ ಎಣಿಸಿದೆ. ಟಕ್ ಟಕ್ ಟಕ್, ಸತ್ತಿದೆ. ಸತ್ತದ್ದನ್ನು ಯಾವಾಗಲೂ ತೆಗೆದು ಬೆಂಕಿಗೆ ಹಿಡಿಯುತ್ತೇವೆ. ಇವತ್ತು ಹಿಡಿಯಲಿಲ್ಲ. ನಲವತ್ತನ್ನು ಬೇರೆ ಪ್ಲೇಟಿಗೆ ಹಾಕಿ, ಇಪ್ಪತ್ತು ಸೆಕೆಂಡು ಕಾದು ನೋಡಿದೆ.

ಹದಿಮೂರು ಅಲ್ಲಾಡಿದವು.

ಮತ್ತೆ ಎಣಿಸಿದೆ. ಹದಿಮೂರೇ. ಎರಡು ದಿನ ಕಳೆದ ಮೇಲೂ ಅವುಗಳಲ್ಲಿ ಕೆಲವಕ್ಕೆ ಜೀವವಿದ್ದರೆ ಆಶ್ಚರ್ಯವಿಲ್ಲ. ಇಪ್ಪತ್ತೆರಡು ವರ್ಷದಿಂದ ಹೀಗೆ ಎಷ್ಟು ಸಾವಿರ ಜೀವಂತ ಹುಳುಗಳನ್ನು ಸುಟ್ಟೆನೋ. ಹುಳುವೇ ಇರಬಹುದು, ಆದರೂ ಊಟ ಬಿಟ್ಟೆ.

ಫೆಬ್ರವರಿ 12, ಬುಧವಾರ

ಹಳೆಯ ನೋಟ್‌ಬುಕ್ಕುಗಳ ಕಪಾಟು ತೆಗೆದೆ. ನನ್ನವು ಹೋಗಲಿ, ಶಿಷ್ಯರವೂ ಇವೆ. ಎಂಟನೆಯದು ಉದ್ದಣ್ಣನದು. ಬಾಗಿಲಲ್ಲಿ ತಲೆ ತಗ್ಗಿಸಿಕೊಂಡೇ ಬರುತ್ತಿದ್ದ ಹುಡುಗ. ಒಂಬತ್ತು ವರ್ಷದ ಹಿಂದೆ, ಮೂರನೇ ವರ್ಷದಲ್ಲಿ ಪಿಎಚ್‌ಡಿ ಬಿಟ್ಟು ಹೋದ. ಮನೆಯಲ್ಲಿ ತೊಂದರೆ ಎಂದು ಹೇಳಿದ್ದ, ನಾನೂ ನಂಬಿದ್ದೆ.

ಸಾದಾ, ಸೋಮಾರಿ. ವ್ಯತ್ಯಾಸ ಶೇಕಡಾ ಎಂಟು. ಕೆಳಗೆ ಕೆಂಪು ಶಾಯಿಯಲ್ಲಿ ‘ಮತ್ತೆ ಮಾಡು’. ನನ್ನ ಅಕ್ಷರ. ಪುಟ ತಿರುವಿದರೆ ಒಂಬತ್ತು. ‘ಮತ್ತೆ ಮಾಡು’. ಏಳು. ‘ಕೈ ಸರಿಯಿಲ್ಲ. ಮತ್ತೆ ಮಾಡು’. ಹೀಗೆ ಆರು ಸಲ. ಒಂದೊಂದಕ್ಕೂ ಒಂದೂವರೆ ತಿಂಗಳು. ಆರನೆಯದರ ಕೆಳಗೆ, ಎಲ್ಲರೆದುರು ಹೇಳಿದ್ದು ಸಾಲದು ಎಂಬಂತೆ, ಬರೆದೂ ಬಿಟ್ಟಿದ್ದೇನೆ: ‘ಈ ಕೆಲಸಕ್ಕೆ ಬೇಕಾದ ಕೈ ನಿನಗಿಲ್ಲ.’

ಅದರ ಮುಂದಿನ ಪುಟಗಳು ಖಾಲಿ.

ಇನ್ನೂ ಏನೂ ತೀರ್ಮಾನವಾಗಿಲ್ಲ. ಲಕೋಟೆ ತೆರೆದಿಲ್ಲ. ಮೂವತ್ತೊಂದು ಬಂದರೂ ಬರಬಹುದು. ಬರಲಿ ಎಂದು ಬೇಡುತ್ತಿದ್ದೇನೆ, ಪದಕಕ್ಕಾಗಿ ಮಾತ್ರ ಅಲ್ಲ.

ಫೆಬ್ರವರಿ 19, ಬುಧವಾರ

ಅತ್ತೆಯ ಎಣಿಕೆ ಜೋರಾಗಿ ಸಾಗಿದೆ. ದಿನ ಬಿಟ್ಟು ದಿನ, ಹತ್ತರಿಂದ ಒಂದು. ಸೆಕೆಂಡಿಗೆಂದು ಟೈಮರ್ ಕೊಟ್ಟಿದ್ದೆವು, ಅದರ ಕಿರುಚಾಟ ಬೇಡ ಎಂದು ಡ್ರಾಯರಿಗೆ ಹಾಕಿದರು. ಬಾಯಲ್ಲೇ ಎಣಿಸುತ್ತಾರೆ. ಮೌನಿ ರೆಕಾರ್ಡಿಂಗ್ ಅಳೆದು ನೋಡಿದ್ದಾಳೆ — ಹತ್ತೊಂಬತ್ತೂವರೆಗೂ ಇಪ್ಪತ್ತೂವರೆಗೂ ನಡುವೆ, ಎಲ್ಲವೂ. ಮೂವತ್ತೆರಡು ವರ್ಷ ಗಿರಣಿ ಸುಮ್ಮನೆ ಸಂಬಳ ಕೊಟ್ಟಿಲ್ಲ.

ದೂರುಗಳೂ ಇವೆ. ಬಟ್ಟೆ ಸುಮ್ಮನೆ ಬಿದ್ದಿರುತ್ತಿತ್ತು, ಇವು ಹೇಳಿದ ಮಾತು ಕೇಳುವುದಿಲ್ಲ. ಒಂದನ್ನು ನೋಡುತ್ತಿದ್ದರೆ ಇನ್ನೊಂದು ಬಂದು ಅದರ ಮೇಲೆ ಹತ್ತುತ್ತದೆ. ಲ್ಯಾಬಿನ ಕಾಫಿ ಕಾಫಿಯೇ ಅಲ್ಲ.

ಕಾರಿನಲ್ಲಿ ಬರುವಾಗ ಒಂದು ಮಾತು ತಿಳಿಯಿತು. ಮಾತ್ರೆ ಕಂಪನಿಗೆ ತಾವೇ ಫೋನ್ ಮಾಡಿ ಹೆಸರು ಬರೆಸಿಬಿಟ್ಟಿದ್ದಾರೆ. ನನ್ನ ಅತ್ತೆ ಎಂದು ಹೇಳಿಲ್ಲವಂತೆ, ಶಿಫಾರಸು ಅನ್ನಿಸಬಾರದು ಎಂದು. ಯಾಕೆ ಅತ್ತೆ, ಈ ವಯಸ್ಸಿನಲ್ಲಿ ಬೇಕೇ ಎಂದೆ.

“ಈ ವಯಸ್ಸಲ್ಲಿ ಅಲ್ದೆ ಇನ್ಯಾವ ವಯಸ್ಸಲ್ಲಿ ಬೇಕಾಗುತ್ತೆ?” ಎಂದರು. ಕಿಟಕಿಯ ಕಡೆ ತಿರುಗಿ ಮತ್ತೆ, “ನನಗೆ ಸಾಕು ಅಂತ ಎಲ್ರೂ ಯಾಕೆ ಅಂದುಕೊಂಡಿದೀರಿ? ನನಗೆ ಇನ್ನೂ ಇರಬೇಕು ಅನ್ಸುತ್ತೆ.”

ತಾನು ನೆಚ್ಚಿಕೊಂಡಿರುವ ಮಾತ್ರೆ ಪೊಳ್ಳೋ ಗಟ್ಟಿಯೋ ಎಂದು ತಾನೇ ಎಣಿಸುತ್ತಿರುವ ಈ ಮುದುಕಿ. ಅದು ಗೊತ್ತಿದ್ದೂ ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಡಿಮೆಯಿಲ್ಲ. ನಾಚಿಕೆಯಾಯಿತು.

ಮಾರ್ಚ್ 5, ಬುಧವಾರ. ಮಧ್ಯಾಹ್ನ 1.40

ಮಾತ್ರೆಯವರು ಬಂದಿದ್ದರು. ಒಳ್ಳೆಯ ಕೋಟು, ಒಳ್ಳೆಯ ಮಾತು. ಇನ್ನೂರಕ್ಕೆ ಇನ್ನೂರೂ ಜನ ಸಿಕ್ಕಿದ್ದಾರಂತೆ. ಸಹಿ ಈಗಲೇ ಹಾಕಿದರೆ ಅನುಕೂಲ ಎಂದರು. ಕೊನೆಯ ವಾರ ಎಂದೆ. ಏನಾದರೂ ಸಮಸ್ಯೆಯೇ? ಇಲ್ಲ, ಒಂದು ಎಣಿಕೆ ನಡೆಯುತ್ತಿದೆ. ಎಣಿಸುತ್ತಿರುವವರು ಯಾರು ಎಂದು ಕೇಳಿದರು. ಗಾಜಿನಾಚೆ ಬೆನ್ನು ಬಗ್ಗಿಸಿ ಕೂತ ಅತ್ತೆಯನ್ನು ತೋರಿಸಿ, ತಪಾಸಣೆಯವರು ಎಂದೆ. ಸುಳ್ಳಲ್ಲ.

ಅವರು ಹೋದ ಮೇಲೆ ಒಂದು ತಪ್ಪು ಮಾಡಿದೆ. ಅತ್ತೆ ಮತ್ತು ಮೌನಿ ಊಟಕ್ಕೆ ಹೋಗಿದ್ದರು. ಏಳನೇ ಪ್ಲೇಟು ಮೇಜಿನ ಮೇಲಿತ್ತು. ಒಂದು ನೋಟ ಸಾಕಾಯಿತು — ಸೋಮಾರಿ. ನನ್ನ ಮಕ್ಕಳು ನನಗೆ ತಿಳಿಯವೇ? ಅತ್ತೆ ಅದರಲ್ಲಿ ಆರನ್ನು ಸತ್ತಿವೆ ಎಂದು ಗುರುತು ಹಾಕಿದ್ದರು, ಇನ್ನೂ ತೆಗೆದಿರಲಿಲ್ಲ. ಆರರಲ್ಲಿ ಒಂದಾದರೂ ಬದುಕಿರಬಹುದು. ರೆಪ್ಪೆಕಡ್ಡಿ ಕೈಗೆ ಬಂದಿತ್ತು. ಇನ್ನೂ ಹತ್ತು ಸೆಕೆಂಡು ಕಾದರೆ...

ಕೆಳಗಿಟ್ಟೆ. ಮುಟ್ಟಲಿಲ್ಲ. ಆದರೆ ಕಡ್ಡಿ ಕೈಯಲ್ಲಿತ್ತು. ಗೆಲ್ಲಬೇಕು ಎಂಬ ಆಸೆ ನನಗೆ ಇಷ್ಟಿದೆ ಎಂದು ಗೊತ್ತಿರಲಿಲ್ಲ. ಮೌನಿ ಬಂದ ಕೂಡಲೇ ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 1.20, ಮೇಡಂ ಏಳನೇ ಪ್ಲೇಟು ನೋಡಿದರು. ನಾಳೆಯಿಂದ ಆ ಕೋಣೆಯ ಬೀಗದ ಕೈ ಅವಳ ಹತ್ತಿರ.

ಮಾರ್ಚ್ 21, ಶುಕ್ರವಾರ

ಕೊನೆಯ ಹುಳು ಸತ್ತಿತು. ಹದಿನಾರನೇ ಪ್ಲೇಟು. ಅತ್ತೆ ಇಪ್ಪತ್ತರ ತನಕ ಎಣಿಸಿ, ಗುರುತು ಹಾಕಿ, ಕನ್ನಡಕ ಮಡಚಿದರು. ಹಾಯಾಗಿತ್ತು, ಕೆಲಸಕ್ಕೆ ಹೋದ ಹಾಗಿತ್ತು ಎಂದರು.

ಮಾರ್ಚ್ 24, ಸೋಮವಾರ

ಉಗ್ರಾಣದವರು ಲಕೋಟೆ ತಂದುಕೊಟ್ಟರು. ಮೌನಿ ನಂಬರುಗಳನ್ನು ಜೋಡಿಸಿದಳು. ಅತ್ತೆ ಕೂತಿದ್ದರು, ನಾನು ನಿಂತಿದ್ದೆ. ಸಾದಾ, ಸರಾಸರಿ ಇಪ್ಪತ್ತೂವರೆ ದಿನ. ಸೋಮಾರಿ, ಇಪ್ಪತ್ತೆರಡು ದಿನ ಎಂಟು ಗಂಟೆ.

ಒಂಬತ್ತು.

ಇಲ್ಲದ್ದಲ್ಲ. ಇದೆ. ಆದರೆ ಒಂಬತ್ತು. ಮಿಕ್ಕ ಇಪ್ಪತ್ತೆರಡು ನಾನು ಸೇರಿಸಿದ್ದು, ನಾಲ್ಕು ಸೆಕೆಂಡಿಗೂ ಹನ್ನೊಂದು ಸೆಕೆಂಡಿಗೂ ನಡುವೆ. ಕುರ್ಚಿ ಎಳೆದುಕೊಂಡು ಕೂತೆ. ಅಳು ಬಂತು. ಮೌನಿ ನೀರು ತಂದುಕೊಟ್ಟಳು.

ಅತ್ತೆಗೆ ಶೇಕಡಾವಾರಿನ ಗೊಡವೆ ಬೇಡ. ಹುಳುವಿಗೆ ಎಷ್ಟು ದಿನ ಹೆಚ್ಚು, ಅದು ಹೇಳು ಎಂದರು. ಎರಡು ದಿನಕ್ಕೂ ಸ್ವಲ್ಪ ಕಡಿಮೆ ಎಂದೆ.

“ಎರಡು ದಿನವೇ? ಬೇಡದ ನೆಂಟರೂ ಅದಕ್ಕಿಂತ ಹೆಚ್ಚು ಇರ್ತಾರೆ.”

ಮೌನಿ ನಕ್ಕಳು. ನಾನೂ ಅಳುತ್ತಲೇ ನಕ್ಕೆ. ಅತ್ತೆ ನಗಲಿಲ್ಲ. ಮನೆಯ ಮುಂದೆ ಕಾರಿನಿಂದ ಇಳಿಯುವಾಗ ನನ್ನ ಕೈ ಹಿಡಿದುಕೊಂಡು ಇಳಿದರು, ಮಾಮೂಲಾಗಿ ಹಿಡಿಯುವುದಿಲ್ಲ. ನಾಳೆ ಮಾತ್ರೆಯವರಿಗೆ ಫೋನ್ ಮಾಡಿ ಹೆಸರು ತೆಗೆಸುತ್ತೇನೆ ಎಂದರು.

ಮಾರ್ಚ್ 25, ಮಂಗಳವಾರ

ಅವರಿಗಿಂತ ಮೊದಲೇ ನಾನು ಫೋನ್ ಮಾಡಿದೆ. ಸಹಿ ಹಾಕುವುದಿಲ್ಲ, ಅಂಕಿ ತಪ್ಪು ಎಂದೆ. ಕೋಟಿನವರು ಬಹಳ ನಯವಾಗಿ ಮಾತಾಡಿದರು. ಒಂಬತ್ತೂ ಒಂದು ಫಲಿತಾಂಶವೇ, ಪರೀಕ್ಷೆ ಶುರುವಾಗಿಬಿಡಲಿ, ತಿದ್ದುಪಡಿಯನ್ನು ಮುಂದಿನ ವರ್ಷ ಪ್ರಕಟಿಸಿದರೆ ಯಾರಿಗೂ ನಷ್ಟವಿಲ್ಲ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇನ್ನೂರು ಜನ ಮೂವತ್ತೊಂದನ್ನು ನಂಬಿ ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ ಎಂದೆ. ಆಮೇಲೆ ನಯ ಹೋಯಿತು. ವಕೀಲರ ಮಾತು ಬಂತು.

ಬರಲಿ.

ಮಾರ್ಚ್ 27, ಗುರುವಾರ

ಪೇಪರ್ ಪ್ರಕಟಿಸಿದವರಿಗೆ ಪತ್ರ ಹೋಯಿತು. ಪದಕ ಕೊಟ್ಟವರಿಗೂ. ಇಟ್ಟುಕೊಳ್ಳುವುದೋ ವಾಪಸು ಕೇಳುವುದೋ ಅವರಿಗೆ ಬಿಟ್ಟದ್ದು. ಆ ಎರಡು ಲ್ಯಾಬುಗಳಿಗೂ ಬರೆದೆ, ಸೆಕೆಂಡು ಎಣಿಸಿ ನೋಡಿ ಎಂದು. ಒಬ್ಬರು ಉತ್ತರಿಸಿದ್ದಾರೆ, ಖಾರವಾಗಿ. ಇಪ್ಪತ್ತೆರಡು ವರ್ಷದ ಹೆಸರು ಒಂದು ಬೆಳಗಿನಲ್ಲಿ ಹೋಗುತ್ತದೆ, ಹೋಗುವಾಗ ಸದ್ದೂ ಆಗುವುದಿಲ್ಲ. ಇವರು ಹತ್ತು ಸಲ ಕಾಫಿ ಕೊಟ್ಟರು.

ಮೌನಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಾಳೆ ಇಲ್ಲ. “ಮೇಡಂ, ಹಾಗಾದ್ರೆ ನನ್ನ ಕೈ...?”

“ಸರಿಯಾಗಿದೆ ಕಣಮ್ಮ. ಮೊದಲ ದಿನದಿಂದಲೂ ಸರಿಯಾಗೇ ಇತ್ತು.”

ಹೋಗಲಿಲ್ಲ. ಇನ್ನೂ ಏನೋ ಬೇಕಿತ್ತು. ಕ್ಷಮಿಸು ಎಂದೆ. ತಲೆಯಾಡಿಸಿ ಹೋದಳು. ಇನ್ನೊಬ್ಬನಿಗೂ ಹೇಳಬೇಕು. ಆಫೀಸಿನವರ ಹತ್ತಿರ ನಂಬರು ಇಸಿದುಕೊಂಡು ಎರಡು ದಿನವಾಯಿತು. ಧೈರ್ಯ ಬಂದಿಲ್ಲ.

ಮಾರ್ಚ್ 29, ಶನಿವಾರ. ಬೆಳಿಗ್ಗೆ 11

ಮಾಡಿದೆ.

ಉದ್ದಣ್ಣ ಈಗ ಹಾಲಿನ ಡೈರಿಯೊಂದರಲ್ಲಿದ್ದಾನೆ. ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುವ ಕೆಲಸ. ಹಿಂದೆ ಕ್ಯಾನುಗಳ ಸದ್ದು. ನಾನು ಯಾರು ಎಂದು ಹೇಳಿದ ಮೇಲೆ ಸದ್ದು ಕಡಿಮೆಯಾಯಿತು, ಹೊರಗೆ ಬಂದಿರಬೇಕು. ಸುತ್ತಿ ಬಳಸದೆ ಹೇಳಿದೆ. ಕ್ಯಾಮೆರಾ, ನಾಲ್ಕು, ಹನ್ನೊಂದು, ಲಕೋಟೆ, ಒಂಬತ್ತು.

“ನನಗೆ ಎಂಟು ಬಂದಿತ್ತು ಮೇಡಂ,” ಎಂದ.

ಗೊತ್ತು, ನಿನ್ನ ನೋಟ್‌ಬುಕ್ಕು ನನ್ನ ಮುಂದೆಯೇ ಇದೆ ಎಂದೆ. ನಿನ್ನ ಕೈ ಚೆನ್ನಾಗಿತ್ತು. ತಪ್ಪು ನನ್ನದು. ನಿನ್ನ ಮೂರು ವರ್ಷ ಹಾಳು ಮಾಡಿದೆ, ಆಮೇಲಿನದನ್ನೂ ಹಾಳು ಮಾಡಿದೆ.

ಅತ್ತ ಯಾರೋ ಅವನನ್ನು ಕರೆದರು, ಬಂದೆ ಎಂದ.

“ಇಲ್ಲಿ ಕೊಬ್ಬು ಎಷ್ಟು ಬರುತ್ತೋ ಅಷ್ಟೇ ಬರೀತೀನಿ ಮೇಡಂ,” ಎಂದ. “ಮತ್ತೆ ಮಾಡು ಅಂತ ಯಾರೂ ಹೇಳಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ಅವನು ಸಾವಧಾನವಾಗಿ, ಒಂದು ಸಂಗತಿ ತಿಳಿಸುವವನ ಹಾಗೆ ಹೇಳಿದ. ತಿದ್ದುಪಡಿಯಲ್ಲಿ ನಿನ್ನ ಆರೂ ಎಣಿಕೆ ಹಾಕುತ್ತೇನೆ, ನಿನ್ನ ಹೆಸರು ಮೊದಲು ಬರುತ್ತದೆ, ಒಪ್ಪಿಗೆಯೇ ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದ. ಹೆಂಡತಿಯನ್ನು ಕೇಳಬೇಕಂತೆ. ಆ ದಿನಗಳಲ್ಲಿ ಅವನನ್ನು ನೋಡಿಕೊಂಡವಳು ಅವಳೇ ಅಂತೆ.

ಫೋನ್ ಇಡುತ್ತಾನೆ ಎಂದುಕೊಂಡೆ. ಇಡಲಿಲ್ಲ.

“ಇಪ್ಪತ್ತು ಸೆಕೆಂಡು ಅಂತ ಯಾಕೆ ಇಟ್ಕೊಂಡ್ರಿ?”

ಸುಮ್ಮನೆ, ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕಲ್ಲ ಎಂದೆ.

“ಅರವತ್ತು ಕಾದು ನೋಡಿದ್ರಾ?” ಎಂದ. ದನಿಯೇ ಬೇರೆಯಾಗಿತ್ತು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದಾಗಿನ ದನಿ.

ಇಲ್ಲ, ನೋಡಿಲ್ಲ.

“ನೋಡಿ ಮೇಡಂ. ನೋಡಿ ನನಗೆ ಹೇಳಿ.”

ಏಪ್ರಿಲ್ 2, ಬುಧವಾರ. ಬೆಳಿಗ್ಗೆ 9.10

ಸಾದಾ ಹುಳು, ಇಪ್ಪತ್ತಮೂರನೇ ದಿನ. ಪುಸ್ತಕ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಕಣ್ಣು ಮೈಕ್ರೋಸ್ಕೋಪಿನಲ್ಲಿ, ಅಕ್ಷರ ಸೊಟ್ಟಗೆ ಹೋಗುತ್ತಿದೆ. ಹತ್ತಕ್ಕೆ ಪದಕದವರ ಫೋನ್ ಬರುತ್ತದೆ. ಈಗ ಅದು ಬೇಡ.

ಮೂರು ಸಲ ಮುಟ್ಟಿದೆ. ಹತ್ತು. ಏನೂ ಇಲ್ಲ. ಇಪ್ಪತ್ತು — ನಮ್ಮ ನಿಯಮದ ಪ್ರಕಾರ ಸತ್ತಿದೆ. ತೆಗೆಯಲಿಲ್ಲ. ಮೂವತ್ತು. ನಲವತ್ತು. ಇಷ್ಟು ಹೊತ್ತು ಒಂದೇ ಹುಳುವನ್ನು ಯಾವತ್ತೂ ನೋಡಿರಲಿಲ್ಲ. ಕರುಳು ಕಪ್ಪಾಗಿದೆ, ಮೈ ಸುಕ್ಕು. ಐವತ್ತು. ಐವತ್ತೊಂದು. ತಲೆಯ ಕಡೆ ಏನೋ ಅಲುಗಿದ ಹಾಗೆ...